ಫ್ಯಾನ್ ಕೇಳಬೇಕಾಗಿದ್ದು ನೀರಿನ ಮಾತು, ಸಿಪಿಯು ಮಾತಲ್ಲ

ಸಂಪಾದಕರಿಗೆ ನಮಸ್ಕಾರ,

ನಾನು ಬಳ್ಳಾರಿಯವನು, ಮದುವೆ ವಿಡಿಯೋ ಎಡಿಟಿಂಗ್ ಮಾಡಿ ಜೀವನ ನಡೆಸ್ತೀನಿ. ಪ್ರತಿ ಬೇಸಿಗೆಲೂ ನಿಮ್ಮ ಪತ್ರಿಕೆಲಿ ಬಿಸಿಲಿಂದ ಜನ, ದನ, ಬೆಳೆ ಹೆಂಗೆ ಕಾಪಾಡ್ಕೋಬೇಕು ಅಂತ ಬರುತ್ತೆ, ಓದ್ತೀನಿ, ಉಪಯೋಗಾನೂ ಆಗಿದೆ. ಈ ಸಲ ಕಂಪ್ಯೂಟರ್ ಬಿಸಿ ಬಗ್ಗೆ ಒಂದು ವಿಷಯ ಹೇಳ್ಕೋಬೇಕು ಅನ್ನಿಸ್ತು. ಪತ್ರ ಉದ್ದ ಆಗುತ್ತೆ, ಆದ್ರೂ ದಯವಿಟ್ಟು ಪೂರ್ತಿ ಹಾಕಿ, ಅರ್ಧ ಹೇಳಿ ಬಿಟ್ರೆ ಯಾರ ಕೆಲಸಕ್ಕೂ ಬರಲ್ಲ.

ನಮ್ಮ ಕಡೆ ಮದುವೆ ಸೀಸನ್ ಅಂದ್ರೆ ಏಪ್ರಿಲ್ ಮೇ, ಬಳ್ಳಾರಿ ಬಿಸಿಲು 40 ದಾಟೋದೂ ಅದೇ ಏಪ್ರಿಲ್ ಮೇ. ಮೆಷಿನ್ ಮೇಲೆ ವರ್ಷದಲ್ಲೇ ಜಾಸ್ತಿ ಕೆಲಸ ಬೀಳೋ ಎರಡು ತಿಂಗಳಲ್ಲೇ ರೂಮ್ ಒಲೆ ಥರ ಆಗಿರುತ್ತೆ. ಮಧ್ಯಾಹ್ನ ಎರಡು ಗಂಟೆಗೆ ನನ್ನ ಎಡಿಟಿಂಗ್ ರೂಮಲ್ಲಿ 38, 39 ಡಿಗ್ರಿ, ಎಸಿ ಇಲ್ಲ. ಅದಕ್ಕೇ ಸಾಲ ಮಾಡಿ ವಾಟರ್ ಕೂಲಿಂಗ್ ಇರೋ ಪಿಸಿ ಮಾಡಿಸಿದೆ. ರೈಜೆನ್ 9 5900ಎಕ್ಸ್ ಪ್ರೊಸೆಸರ್, ಆರ್‌ಟಿಎಕ್ಸ್ 3080 ಗ್ರಾಫಿಕ್ಸ್ ಕಾರ್ಡು, ಎರಡಕ್ಕೂ ಸೇರಿ ಒಂದೇ ಲೂಪ್ ಅಂದ್ರೆ ನೀರು ಸುತ್ತೋ ಪೈಪಿನ ದಾರಿ, ಎರಡು 360 ಎಂಎಂ ರೇಡಿಯೇಟರ್, ಆರು ಫ್ಯಾನು, ಒಂದು ಡಿ5 ಪಂಪು, ಒಳಗೆ ಹೆಚ್ಚುಕಮ್ಮಿ ಒಂದು ಲೀಟರ್ ನೀರು. ಗೊತ್ತಿಲ್ಲದವರಿಗೆ ಹೇಳ್ಬೇಕಂದ್ರೆ ಕಾರಿನ ರೇಡಿಯೇಟರ್ ಇದ್ದಂಗೇ, ಪಂಪು ನೀರನ್ನ ಚಿಪ್ ಮೇಲೆ ಹಾಯಿಸುತ್ತೆ, ನೀರು ಬಿಸಿ ಹೊತ್ಕೊಂಡು ರೇಡಿಯೇಟರ್‌ಗೆ ಬರುತ್ತೆ, ಅಲ್ಲಿ ಫ್ಯಾನು ಅದನ್ನ ಗಾಳಿಗೆ ಬಿಡುತ್ತೆ.

ಮೆಷಿನ್ ಮನೆಗೆ ಬಂದ ದಿನದಿಂದಲೇ ಒಂದು ಕಾಟ. ಬ್ರೌಸರ್ ಓಪನ್ ಮಾಡಿದ್ರೆ ಆರೂ ಫ್ಯಾನು ಭುಸ್ ಅಂತ ಏರೋದು, ಎರಡು ಸೆಕೆಂಡಿಗೆ ಇಳಿಯೋದು, ಒಂದು ಫೋಲ್ಡರ್ ಕ್ಲಿಕ್ ಮಾಡಿದ್ರೆ ಮತ್ತೆ ಭುಸ್. ವಾಲಗದ ಆಡಿಯೋ ಕ್ಲೀನ್ ಮಾಡೋವಾಗ ಹೆಡ್‌ಫೋನ್ ಹಾಕ್ಕೊಂಡ್ರೂ ಕಿವಿಗೆ ಬಡಿಯೋದು, ಪಕ್ಕದ ರೂಮಲ್ಲಿ ಮಲಗಿದ್ದ ಅಮ್ಮ ಎದ್ದು ಬಂದು ಏನಾಯ್ತೋ ಅಂತ ಕೇಳೋರು. ಮೆಷಿನ್ ಕಟ್ಟಿಕೊಟ್ಟ ಅಂಗಡಿಗೆ ಫೋನ್ ಮಾಡಿದ್ರೆ ಬೇಸಿಗೆ ಅಲ್ವಾ ಸರ್, ಹಂಗೇ ಇರುತ್ತೆ, ಎಸಿ ಹಾಕಿಸ್ಕೊಳ್ಳಿ ಅಂದ್ರು. ನಾಲ್ಕು ಸಲ ಫೋನ್ ಮಾಡ್ದೆ, ನಾಲ್ಕು ಸಲಾನೂ ಅದೇ ಮಾತು.

ಮೂರು ತಿಂಗಳಾದ್ಮೇಲೆ ಧೂಳು ಒರೆಸೋಣ ಅಂತ ಹಿಂದಿನ ಪ್ಯಾನಲ್ ತೆಗ್ದೆ. ವೈರುಗಳ ಗುಂಪಿನ ನಡುವೆ ಒಂದು ಸಣ್ಣ ಎರಡು ಪಿನ್ನಿನ ಕಪ್ಪು ವೈರು, ಮಡಚಿ, ಪ್ಲಾಸ್ಟಿಕ್ ಟೈ ಹಾಕಿ ಬಿಗಿದು ಕಟ್ಟಿದ್ರು, ತುದಿ ಎಲ್ಲಿಗೂ ಚುಚ್ಚಿರಲಿಲ್ಲ. ಕೈಯಲ್ಲಿ ಹಿಡ್ಕೊಂಡು ಹಿಂದಕ್ಕೆ ಹೋದ್ರೆ ರಿಸರ್ವಾಯರ್ ಅಂದ್ರೆ ನೀರು ತುಂಬೋ ಡಬ್ಬಿ ಹತ್ರ ಪೈಪಿನ ಫಿಟ್ಟಿಂಗ್‌ಗೆ ಹೋಗಿ ನಿಂತಿದೆ. ನೀರಿನ ಟೆಂಪರೇಚರ್ ಸೆನ್ಸಾರ್ ಅದು. ಬಿಲ್ಲಿನಲ್ಲಿ ಅದಕ್ಕೆ ದುಡ್ಡು ತಗೊಂಡಿದ್ದಾರೆ, ಫಿಟ್ ಮಾಡಿದ್ದಾರೆ, ಮದರ್‌ಬೋರ್ಡ್‌ಗೆ ಮಾತ್ರ ಚುಚ್ಚಿಲ್ಲ. ನನ್ನ ಬೋರ್ಡಲ್ಲಿ ಅದಕ್ಕಂತಲೇ ಎರಡು ಜಾಗ ಇದೆ, ಎರಡೂ ಖಾಲಿ. ಆರೂ ಫ್ಯಾನು ಸಿಪಿಯು, ಅಂದ್ರೆ ಪ್ರೊಸೆಸರ್ ಒಳಗಿನ ಸೆನ್ಸಾರ್ ನೋಡ್ಕೊಂಡು ತಿರುಗ್ತಾ ಇದ್ವು.

ಇದರಲ್ಲಿ ತಪ್ಪೇನು ಅಂತ ಕೇಳ್ಬಹುದು, ಚಿಪ್ ಬಿಸಿ ಆದ್ರೆ ಫ್ಯಾನ್ ಜೋರಾಗಬೇಕಲ್ವಾ ಅಂತ. ಮಾಮೂಲಿ ಏರ್ ಕೂಲರ್‌ನಲ್ಲಿ ಸರಿ. ವಾಟರ್ ಕೂಲಿಂಗಲ್ಲಿ ಫ್ಯಾನು ಚಿಪ್‌ನ ಮುಟ್ಟೋದೇ ಇಲ್ಲ, ಅದು ತಣ್ಣಗೆ ಮಾಡೋದು ನೀರನ್ನ. ಪ್ರೊಸೆಸರ್ ಅಂದ್ರೆ ಉಗುರಿನಷ್ಟು ಸಿಲಿಕಾನ್, ಒಂದು ಕ್ಲಿಕ್ ಮಾಡಿದ ತಕ್ಷಣ 45 ಇದ್ದಿದ್ದು 65ಕ್ಕೆ ಹಾರುತ್ತೆ, ಕಣ್ಣು ಮಿಟುಕಿಸೋದ್ರೊಳಗೆ ವಾಪಸ್ ಇಳಿಯುತ್ತೆ. ನೀರು ಹಂಗಲ್ಲ. ಒಂದು ಲೀಟರ್ ನೀರನ್ನ ಒಂದು ಡಿಗ್ರಿ ಬಿಸಿ ಮಾಡೋಕೆ ಸುಮಾರು 4,180 ಜೂಲ್ ಬೇಕು. ನನ್ನ ಮೆಷಿನಲ್ಲಿ ಪ್ರೊಸೆಸರ್ ಪೂರ್ತಿ ಲೋಡಲ್ಲಿ 142 ವ್ಯಾಟ್ ತನಕ ಎಳೆಯುತ್ತೆ, ಕಾರ್ಡು 320, ಎರಡೂ ಸೇರಿ 460 ವ್ಯಾಟ್ ಅಂತಿಟ್ಕೊಳ್ಳಿ, ಫ್ಯಾನ್ ಪೂರ್ತಿ ನಿಂತೇ ಹೋಗಿದ್ರೂ ನೀರು ಒಂದು ಡಿಗ್ರಿ ಏರೋಕೆ ಒಂಬತ್ತು ಸೆಕೆಂಡ್ ಹಿಡಿಯುತ್ತೆ, ಹತ್ತು ಡಿಗ್ರಿ ಏರೋಕೆ ಒಂದೂವರೆ ನಿಮಿಷ. ಅಂದ್ಮೇಲೆ ಒಂದು ಸೆಕೆಂಡಿನ ಕ್ಲಿಕ್ಕಿಗೆ ಫ್ಯಾನು ಓಡೋದ್ರಿಂದ ಏನು ಬಂತು? ಅಷ್ಟೊತ್ತಿಗೆ ನೀರಿಗೆ ಆ ಸುದ್ದಿ ಮುಟ್ಟಿರೋದೇ ಇಲ್ಲ. ಕಿವಿಗೆ ಕಾಟ, ಫ್ಯಾನ್ ಬೇರಿಂಗ್‌ಗೆ ಸವೆತ.

ವೈರು ಚುಚ್ಚಿ, ಮದರ್ಬೋರ್ಡಿನ ಸೆಟ್ಟಿಂಗ್ ಇರೋ ಜಾಗ ಅಂತಾರಲ್ಲ, ಆ ಬಯೋಸ್‌ನಲ್ಲಿ ಫ್ಯಾನುಗಳಿಗೆ ಸಿಪಿಯು ಬದಲು ಆ ಸೆನ್ಸಾರ್ ತೋರಿಸ್ದೆ. ಹತ್ತು ನಿಮಿಷದ ಕೆಲಸ. ಆವತ್ತು ರಾತ್ರಿ ಒಂದು ರಿಸೆಪ್ಷನ್ ವಿಡಿಯೋನ ಕೊನೇ ಫೈಲ್ ಆಗಿ ತಯಾರಿಸೋ ಕೆಲಸಕ್ಕೆ, ಅಂದ್ರೆ ರೆಂಡರ್‌ಗೆ ಹಾಕಿ ಕೂತೆ, ಫ್ಯಾನು ಮೆಲ್ಲಗೆ, ಗೊತ್ತೇ ಆಗದಂಗೆ ಏರಿ ಒಂದು ಕಡೆ ನಿಂತ್ಕೊಂಡು ರೆಂಡರ್ ಮುಗಿಯೋ ತನಕ ಅದೇ ಶ್ರುತಿಲಿ ಇತ್ತು. ಅಮ್ಮ ಮೆಷಿನ್ ಆಫ್ ಮಾಡ್ದ್ಯಾ ಅಂತ ಕೇಳಿದ್ರು.

ಇಷ್ಟಕ್ಕೇ ಮುಗೀತು ಅಂದ್ಕೊಂಡಿದ್ದೆ, ಆದ್ರೆ ಮುಂದಿನ ಏಪ್ರಿಲ್ ಬಂದಾಗ ಮತ್ತೆ ಶುರು ಆಯ್ತು, ಈ ಪತ್ರ ಬರೆಯೋಕೆ ಮುಖ್ಯ ಕಾರಣ ಇದೇ. ಫ್ಯಾನ್ ಕರ್ವ್ ಅಂತಾರಲ್ಲ, ಇಷ್ಟು ಡಿಗ್ರಿಗೆ ಇಷ್ಟು ಸ್ಪೀಡ್ ಅನ್ನೋ ಗೆರೆ, ಅದನ್ನ ನಾನು ಒಂದು ವಿದೇಶಿ ವಿಡಿಯೋ ನೋಡಿ ಹಾಕಿದ್ದೆ. ನೀರು 30 ಇದ್ರೆ ಫ್ಯಾನು ನಿಧಾನ, 40 ಆದ್ರೆ ಪೂರ್ತಿ ನೂರು ಪರ್ಸೆಂಟ್. ಅವರ ರೂಮಲ್ಲಿ 20, 22 ಡಿಗ್ರಿ ಇರುತ್ತೆ, ಅಲ್ಲಿ ನೀರು 40 ಆಯ್ತು ಅಂದ್ರೆ ಮೆಷಿನ್ ನಿಜವಾಗ್ಲೂ ಒದ್ದಾಡ್ತಿದೆ ಅಂತಲೇ ಅರ್ಥ. ನಮ್ಮ ರೂಮಲ್ಲಿ ಗಾಳಿನೇ 39! ಫ್ಯಾನು ಎಷ್ಟೇ ಜೋರಾಗಿ ತಿರುಗಲಿ ರೇಡಿಯೇಟರ್ ನೀರನ್ನ ರೂಮಿನ ಗಾಳಿಗಿಂತ ತಣ್ಣಗೆ ಮಾಡೋಕೆ ಆಗಲ್ಲ. ಹಂಗಾಗಿ ನಾನು ಸುಮ್ನೆ ಒಂದು ಬಿಲ್ ಟೈಪ್ ಮಾಡ್ತಾ ಕೂತಿದ್ರೂ ನೀರು 41, ಆರು ಫ್ಯಾನೂ ಫುಲ್ ಸ್ಪೀಡು, ಬೆಳಗ್ಗೆ ಹನ್ನೊಂದರಿಂದ ಸಂಜೆ ಆರರ ತನಕ. ಅದೇ ಡಿಸೆಂಬರಲ್ಲಿ ಬೆಳಗಿನ ಜಾವ ರೂಮು 19 ಇದ್ದಾಗ ನೀರು 31 ಆಗಿದ್ರೂ ಫ್ಯಾನು ಆರಾಮಾಗಿ ಮಲಗಿತ್ತು, ನೋಡಿದ್ರೆ ಆವಾಗ ಮೆಷಿನ್ ಪೂರ್ತಿ ಲೋಡಲ್ಲಿದೆ.

ಅಂದ್ರೆ ನೀರಿನ ಟೆಂಪರೇಚರ್ ಒಂದನ್ನೇ ನೋಡಿದ್ರೆ ಸಾಲದು, ಅದು ರೂಮಿಗಿಂತ ಎಷ್ಟು ಮೇಲಿದೆ ಅಂತ ನೋಡ್ಬೇಕು. ಆ ವ್ಯತ್ಯಾಸ ಒಂದೇ ಮೆಷಿನ್ ಎಷ್ಟು ದುಡೀತಿದೆ ಅನ್ನೋದನ್ನ ನೇರವಾಗಿ ಹೇಳೋದು, ಬಳ್ಳಾರಿ ಆದ್ರೂ ಅಷ್ಟೇ, ಮಡಿಕೇರಿ ಆದ್ರೂ ಅಷ್ಟೇ, ಮೇ ಆದ್ರೂ ಡಿಸೆಂಬರ್ ಆದ್ರೂ ಅಷ್ಟೇ. ಬೋರ್ಡಲ್ಲಿ ಖಾಲಿ ಇದ್ದ ಎರಡನೇ ಜಾಗಕ್ಕೆ ಇನ್ನೊಂದು ಸೆನ್ಸಾರ್ ತಂದು ಹಾಕ್ದೆ, ರೂಮಿನ ಗಾಳಿ ಅಳೆಯೋಕೆ. ಫ್ಯಾನ್‌ಕಂಟ್ರೋಲ್ ಅನ್ನೋ ಉಚಿತ ಪ್ರೋಗ್ರಾಂನಲ್ಲಿ ಎರಡು ಸೆನ್ಸಾರ್ ಕೊಟ್ಟು ಒಂದರಲ್ಲಿ ಇನ್ನೊಂದು ಕಳೆದು ಹೊಸದೊಂದು ಸೆನ್ಸಾರ್ ಮಾಡ್ಕೋಬಹುದು, ಅದಕ್ಕೆ ಕರ್ವ್ ಕಟ್ಟಬಹುದು. ನಂದು ಈಗ ವ್ಯತ್ಯಾಸ 4 ಡಿಗ್ರಿ ತನಕ ನಿಮಿಷಕ್ಕೆ 600 ಸುತ್ತು, ಅಂದ್ರೆ 600 ಆರ್‌ಪಿಎಂ, 10 ಆದ್ರೆ 1,100, 15 ದಾಟಿದ್ರೆ 1,500. ಏಪ್ರಿಲಲ್ಲಿ ರೂಮು 38 ಇದ್ದಾಗ ರೆಂಡರ್ ಹಾಕಿದ್ರೆ ನೀರು 48ರ ಹತ್ರ ನಿಲ್ಲುತ್ತೆ. ಮೊದಲು ಭಯ ಆಗೋದು, ಈಗ ಇಲ್ಲ, ಯಾಕಂದ್ರೆ ಇಂಥ ಪಂಪುಗಳಿಗೆ ಸಾಮಾನ್ಯವಾಗಿ 60 ಡಿಗ್ರಿ ಮಿತಿ ಹೇಳ್ತಾರೆ, ಪ್ರೊಸೆಸರ್‌ಗೆ ಕಂಪನಿ ಹೇಳಿರೋ ಮಿತಿ 90. ಆದ್ರೂ ಇರಲಿ ಅಂತ ನೀರು 55 ಮುಟ್ಟಿದ್ರೆ ಲೆಕ್ಕ ಏನೇ ಇರಲಿ ಎಲ್ಲಾ ಫ್ಯಾನು ಫುಲ್ ಅಂತ ಒಂದು ಬೇಲಿ ಹಾಕಿದ್ದೀನಿ.

ಯಾಕೆ ಯಾವಾಗ್ಲೂ ಫುಲ್ಲೇ ಇಡಬಾರದು ಅಂತ ಕೇಳೋರಿಗೆ: ಫ್ಯಾನ್ ಸ್ಪೀಡ್ ಎರಡರಷ್ಟು ಮಾಡಿದ್ರೆ ಗಾಳಿ ಎರಡರಷ್ಟಾಗುತ್ತೆ, ಆದ್ರೆ ಕರೆಂಟು ಎಂಟರಷ್ಟು ಬೇಕು, ಸದ್ದು ಸುಮಾರು 15 ಡೆಸಿಬಲ್ ಜಾಸ್ತಿ. ನನ್ನ ಮೆಷಿನಲ್ಲಿ 1,100ರಿಂದ 1,500ಕ್ಕೆ ಏರಿಸಿದ್ರೆ ನೀರು ಇಳಿಯೋದು ಎರಡು ಡಿಗ್ರಿ. ಅಷ್ಟಕ್ಕೋಸ್ಕರ ದಿನವಿಡೀ ಆ ಗದ್ದಲ ಸಹಿಸ್ಕೊಳ್ಳೋದು ಬೇಡ.

ಸೆನ್ಸಾರ್ ಹೇಳಿದ್ದೆಲ್ಲ ನಿಜ ಅಂತ ನಂಬೋದೂ ತಪ್ಪು. ರೂಮಿನ ಸೆನ್ಸಾರ್ ಮೊದಲು ನಾನು ಕೇಸಿನ ಹಿಂಬದಿ ಮೆಟಲ್‌ಗೆ ಟೇಪ್ ಹಾಕಿ ಅಂಟಿಸಿದ್ದೆ, ಅಲ್ಲೇ ಬಿಸಿ ಗಾಳಿ ಹೊರಗೆ ಬರೋದು. ಅದು ರೂಮು 44 ಅಂತ ತೋರಿಸ್ತು, ವ್ಯತ್ಯಾಸ ನಾಲ್ಕೇ ಆಯ್ತು, ಫ್ಯಾನು ಏರಲೇ ಇಲ್ಲ. ಗಾಳಿ ಒಳಗೆ ಹೋಗೋ ಕಡೆ, ಯಾವ ಲೋಹಕ್ಕೂ ತಾಗದಂಗೆ ನೇತಾಡಿಸಿದ ಮೇಲೆ ಸರಿ ಹೋಯ್ತು.

ಇನ್ನು ಈ ಸೆನ್ಸಾರ್ ಅಂದ್ರೇನು ಅಂತ ನೋಡಿದ್ರೆ ಒಂದು ಥರ್ಮಿಸ್ಟರ್ ಅಷ್ಟೇ, 25 ಡಿಗ್ರಿಲಿ 10 ಕಿಲೋ ಓಮ್, ಬಿಸಿ ಏರಿದಂಗೆ ರೆಸಿಸ್ಟೆನ್ಸ್ ಇಳಿಯುತ್ತೆ. ಎಷ್ಟು ಬೇಗ ಇಳಿಯುತ್ತೆ ಅನ್ನೋದನ್ನ ಬೀಟಾ ಅನ್ನೋ ನಂಬರ್ ಹೇಳುತ್ತೆ, ಕೆಲವಕ್ಕೆ 3,435, ಕೆಲವಕ್ಕೆ 3,950. ಬೋರ್ಡು ಒಂದು ಥರದ್ದು ಅಂದ್ಕೊಂಡಿರುತ್ತೆ, ನಾವು ಸಿಕ್ಕಿದ್ದು ತಂದು ಹಾಕಿರ್ತೀವಿ, 25ರ ಹತ್ರ ಎರಡೂ ಒಂದೇ ತೋರಿಸುತ್ತೆ, ಆದ್ರೆ 45ಕ್ಕೆ ಬಂದಾಗ ಮೂರು ಡಿಗ್ರಿ ತನಕ ಆಚೀಚೆ ಆಗುತ್ತೆ. ತಣ್ಣನೆ ದೇಶದೋರಿಗೆ ಇದು ಕಾಣಿಸೋದೇ ಇಲ್ಲ, ನಮಗೆ ಕಾಣಿಸುತ್ತೆ, ಯಾಕಂದ್ರೆ ನಮ್ಮ ನೀರು ಬೇಸಿಗೆಲಿ ರೆಂಡರ್ ಹಾಕಿದಾಗೆಲ್ಲ 45ರ ಮೇಲೇ ಇರುತ್ತೆ. ಹತ್ತು ಡಿಗ್ರಿ ವ್ಯತ್ಯಾಸದ ಮೇಲೆ ಕರ್ವ್ ಕಟ್ಟಿರೋವಾಗ ಮೂರು ಡಿಗ್ರಿ ತಪ್ಪು ಅಂದ್ರೆ ಸಣ್ಣದಲ್ಲ.

ಪರೀಕ್ಷೆ ಮನೆಲೇ ಮಾಡ್ಬಹುದು. ಹೊಸ ಸೆನ್ಸಾರನ್ನ ಲೂಪಿಗೆ ಹಾಕೋಕೆ ಮುಂಚೆ ಅಡುಗೆ ಮನೇಲಿ ಕೂತೆ. ಒಂದು ಸ್ಟೀಲ್ ಲೋಟದಲ್ಲಿ ಐಸ್ ಪುಡಿ ಮಾಡಿ ಸ್ವಲ್ಪ ನೀರು ಹಾಕಿ ಕಲಕಿ ಸೆನ್ಸಾರ್ ತಲೆ ಮುಳುಗಿಸ್ದೆ, ಐಸು ಕರಗ್ತಾ ಇರೋ ನೀರು ಸೊನ್ನೆ ಡಿಗ್ರಿ, ಅದಕ್ಕಿಂತ ನಂಬಿಕೆಯ ಅಳತೆ ಮನೆಲಿ ಇನ್ನೊಂದಿಲ್ಲ. ಇನ್ನೊಂದು ಲೋಟದಲ್ಲಿ ಉಗುರುಬೆಚ್ಚಗಿನ ನೀರು, ಅದರಲ್ಲಿ ಜ್ವರ ನೋಡೋ ಡಿಜಿಟಲ್ ಥರ್ಮಾಮೀಟರ್ ಮತ್ತೆ ಸೆನ್ಸಾರ್ ಎರಡನ್ನೂ ರಬ್ಬರ್ ಬ್ಯಾಂಡ್ ಹಾಕಿ ಜೋಡಿಸಿ ಇಟ್ಟೆ. ಥರ್ಮಾಮೀಟರ್ 40 ತೋರಿಸಿದಾಗ ಮಲ್ಟಿಮೀಟರಲ್ಲಿ 5.3 ಕಿಲೋ ಓಮ್ ಬಂತು, ಅಂದ್ರೆ ಇದು 3,950 ಜಾತಿದು, ಇನ್ನೊಂದು ಜಾತಿ ಆಗಿದ್ರೆ 5.7ರ ಮೇಲೆ ಬರ್ಬೇಕಿತ್ತು. ಬೋರ್ಡು ತೋರಿಸೋದು ಎಷ್ಟು ಜಾಸ್ತಿ ಅಂತ ಗೊತ್ತಾದ ಮೇಲೆ ಪ್ರೋಗ್ರಾಂನಲ್ಲಿ ಅಷ್ಟು ಕಳೆದು ಆಫ್‌ಸೆಟ್ ಹಾಕ್ದೆ. ಎರಡು ಸೆನ್ಸಾರೂ ಒಂದೇ ಲೋಟದಲ್ಲಿಟ್ಟು ಒಂದೇ ನಂಬರ್ ತೋರಿಸ್ತಾವಾ ಅಂತ ನೋಡೋದಂತೂ ಮರೀಬಾರದು, ವ್ಯತ್ಯಾಸದ ಲೆಕ್ಕದಲ್ಲಿ ಎಲ್ಲಕ್ಕಿಂತ ಮುಖ್ಯ ಅದೇ.

ಈಗ ಅಪಾಯದ ವಿಷಯ. ಮೊನ್ನೆ ಸೀಸನ್‌ನಲ್ಲಿ ಧೂಳು ಹೊಡೆಯೋವಾಗ ನೀರಿನ ಸೆನ್ಸಾರಿನ ಆ ಎರಡು ಪಿನ್ ಕನೆಕ್ಟರ್ ಸಡಿಲ ಆಗಿದೆ, ನನಗೆ ಗೊತ್ತಾಗಿಲ್ಲ. ವೈರು ಬಿಟ್ಟು ಹೋದ್ರೆ ಬೋರ್ಡಿಗೆ ರೆಸಿಸ್ಟೆನ್ಸ್ ವಿಪರೀತ ಜಾಸ್ತಿ ಅನ್ನಿಸುತ್ತೆ, ಅದರ ಲೆಕ್ಕದಲ್ಲಿ ಅದು ವಿಪರೀತ ಚಳಿ, ಸ್ಕ್ರೀನ್ ಮೇಲೆ ಮೈನಸ್ 40 ಅಂತ ಇತ್ತು. ಚಳಿ ಅಂದ್ಮೇಲೆ ಫ್ಯಾನು ಯಾಕೆ ತಿರುಗುತ್ತೆ, ಎಲ್ಲಾ ಮಿನಿಮಮ್‌ಗೆ ಹೋಗಿ ಕೂತಿತ್ತು. ನಾನು ರೆಂಡರ್ ಹಾಕಿ ಊಟಕ್ಕೆ ಹೋಗಿದ್ದೆ, ಬಂದು ಕೇಸ್ ಮೇಲೆ ಕೈ ಇಟ್ರೆ ಸುಡ್ತಾ ಇದೆ, ಪ್ರೊಸೆಸರ್ 90ಕ್ಕೆ ಮುಟ್ಟಿ ತನ್ನ ಸ್ಪೀಡ್ ತಾನೇ ಇಳಿಸ್ಕೊಂಡಿದೆ, ನಲವತ್ತು ನಿಮಿಷದ ಕೆಲಸ ಅರ್ಧಾನೂ ಆಗಿಲ್ಲ. ಪುಣ್ಯಕ್ಕೆ ಏನೂ ಹಾಳಾಗಲಿಲ್ಲ, ಆದ್ರೆ ಆ ಹೊತ್ತಿಗೆ ಎದೆ ಧಸಕ್ ಅಂತು.

ಪಂಪ್ ನಿಂತ್ರೂ ಇದೇ ಕಥೆ, ಇನ್ನೂ ಮೋಸದ್ದು. ನೀರು ಹರಿಯೋದು ನಿಂತ್ರೆ ಚಿಪ್ ಹತ್ರ ಇರೋ ನೀರು ಕುದಿಯೋಕೆ ಬರ್ತಿದ್ರೂ ರಿಸರ್ವಾಯರ್ ಹತ್ರ ಇರೋ ಸೆನ್ಸಾರ್ ಎಲ್ಲಾ ತಣ್ಣಗಿದೆ ಅಂತಲೇ ಹೇಳ್ತಿರುತ್ತೆ. ಅದಕ್ಕೇ ಸಿಪಿಯು ಸೆನ್ಸಾರ್ ಪೂರ್ತಿ ಬಿಡೋಕಾಗಲ್ಲ, ಅದನ್ನ ಕಾವಲಿಗೆ ಇಟ್ಕೋಬೇಕು. ನಾನೀಗ ಎರಡು ಕರ್ವ್ ಇಟ್ಟಿದ್ದೀನಿ, ಒಂದು ನೀರಿನ ವ್ಯತ್ಯಾಸದ್ದು, ಇನ್ನೊಂದು ಸಿಪಿಯು 85 ದಾಟಿದ್ರೆ ಫುಲ್ ಅನ್ನೋದು, ಎರಡರಲ್ಲಿ ಯಾವುದು ಜಾಸ್ತಿ ಕೇಳುತ್ತೋ ಅದು ನಡೆಯುತ್ತೆ. ಪಂಪನ್ನ ಯಾವ ಕರ್ವ್‌ಗೂ ಕಟ್ಟಿಲ್ಲ, ಒಂದೇ ಸ್ಪೀಡ್, 3,000 ಆರ್‌ಪಿಎಂ ಆಸುಪಾಸು, ಅದರ ಸ್ಪೀಡ್ ವೈರು ಮಾತ್ರ ಬೋರ್ಡಿನ ಸಿಪಿಯು ಫ್ಯಾನ್ ಜಾಗಕ್ಕೆ ಚುಚ್ಚಿದ್ದೀನಿ, ಪಂಪ್ ತಿರುಗದಿದ್ರೆ ಆನ್ ಮಾಡಿದಾಗಲೇ ಬೋರ್ಡು ಎರರ್ ಕೊಟ್ಟು ನಿಲ್ಲುತ್ತೆ.

ಪ್ರೋಗ್ರಾಂ ಒಂದನ್ನೇ ನಂಬ್ಕೊಂಡೂ ಕೂರಬಾರದು. 2025ರ ಮಾರ್ಚಲ್ಲಿ ವಿಂಡೋಸ್ ಜೊತೆಗೇ ಬರೋ ಆಂಟಿವೈರಸ್ ವಿಂಡೋಸ್ ಡಿಫೆಂಡರ್ ಇಂಥ ಪ್ರೋಗ್ರಾಂಗಳು ಬಳಸ್ತಿದ್ದ ವಿನ್‌ರಿಂಗ್‌ಝೀರೋ ಅನ್ನೋ ಡ್ರೈವರನ್ನ, ಅಂದ್ರೆ ಪ್ರೋಗ್ರಾಂಗೂ ಬೋರ್ಡಿಗೂ ನಡುವೆ ಮಾತಾಡೋ ಸಣ್ಣ ಸಾಫ್ಟ್ವೇರನ್ನ, ಅಪಾಯ ಅಂತ ಹಿಡಿಯೋಕೆ ಶುರು ಮಾಡ್ತು, ಆ ಡ್ರೈವರಲ್ಲಿ ನಿಜವಾಗ್ಲೂ ಸೆಕ್ಯುರಿಟಿ ದೋಷ ಇತ್ತು, ಡಿಫೆಂಡರ್ ಮಾಡಿದ್ದು ತಪ್ಪಲ್ಲ. ಆದ್ರೆ ಬೆಳಗ್ಗೆ ಎದ್ದು ನೋಡೋರಿಗೆ ಫ್ಯಾನು ಹೇಳಿದ ಮಾತು ಕೇಳ್ತಿಲ್ಲ. ಹಂಗಾಗಿ ಕೆಳಗೆ ಬಯೋಸ್‌ನಲ್ಲೇ ಒಂದು ಸರಳ ಕರ್ವ್ ಇರಲೇಬೇಕು, ಸದ್ದು ಜಾಸ್ತಿ ಆದ್ರೂ ಪರವಾಗಿಲ್ಲ, ಮೆಷಿನ್ ಕಾಪಾಡೋವಂಥದ್ದು. ದುಡ್ಡಿದ್ದೋರು ಆಕ್ವಾಕಂಪ್ಯೂಟರ್ ಕ್ವಾಡ್ರೋ ಥರದ ಬೇರೆ ಕಂಟ್ರೋಲರ್ ಹಾಕ್ಕೋಬಹುದು, ನಾಲ್ಕು ಸೆನ್ಸಾರ್ ನಾಲ್ಕು ಫ್ಯಾನ್ ಲೈನ್ ಅದರಲ್ಲೇ ಇರುತ್ತೆ, ಸೆಟ್ಟಿಂಗ್ ಅದರೊಳಗೇ ಉಳಿಯುತ್ತೆ, ವಿಂಡೋಸ್ ಕೈಕೊಟ್ರೂ ಅದು ನಡೀತಿರುತ್ತೆ.

ಇನ್ನೊಂದು ಮಾತು ನಮ್ಮ ಊರಿಂದೇ. ಸಂಡೂರು, ಹೊಸಪೇಟೆ ಕಡೆ ಅದಿರಿನ ಲಾರಿ ಓಡಾಡೋ ರೋಡಿನ ಪಕ್ಕ ಇರೋರಿಗೆ ಗೊತ್ತು, ಆ ಕೆಂಪು ಧೂಳು ಯಾವ ಕಿಟಕಿ ಮುಚ್ಚಿದ್ರೂ ನಿಲ್ಲಲ್ಲ. ನನ್ನ ರೇಡಿಯೇಟರ್ ರೆಕ್ಕೆಗಳ ನಡುವೆ ಬ್ರಷ್ ಆಡಿಸಿದ್ರೆ ಬಿಳಿ ಬಟ್ಟೆ ಮೇಲೆ ಕುಂಕುಮ ಚೆಲ್ಲಿದಂಗೆ ಬೀಳುತ್ತೆ. ವ್ಯತ್ಯಾಸ ನೋಡೋದ್ರಿಂದ ಇಲ್ಲೂ ಒಂದು ಲಾಭ ಇದೆ: ಅದೇ ರೆಂಡರ್‌ಗೆ, ಅದೇ ಫ್ಯಾನ್ ಸ್ಪೀಡ್‌ಗೆ ಮೊದಲು 10 ಬರ್ತಿದ್ದಿದ್ದು 13 ಬಂದ್ರೆ ಧೂಳು ತುಂಬಿದೆ ಅಂತ ಲೆಕ್ಕ, ಕೇಸ್ ಬಿಚ್ಚಿ ನೋಡೋದೇ ಬೇಡ. ನಾನು ಒಂದು ನೋಟ್‌ಬುಕ್ಕಲ್ಲಿ ತಿಂಗಳಿಗೊಂದು ಸಲ ಬರೆದಿಡ್ತೀನಿ.

ಸಂಪಾದಕರೇ, ನನ್ನ ಕೋರಿಕೆ ಎರಡು. ಒಂದು ಮೆಷಿನ್ ಕಟ್ಟಿಕೊಡೋರಿಗೆ. ಬೆಂಗಳೂರಿನ ಎಸ್‌ಪಿ ರೋಡ್ ಆಗಲಿ, ಹುಬ್ಬಳ್ಳಿ ಆಗಲಿ, ನಮ್ಮೂರೇ ಆಗಲಿ, ಗಿರಾಕಿ ಎರಡು ಮೂರು ಲಕ್ಷ ಕೊಟ್ಟು ತಗೊಂಡು ಹೋಗ್ತಾನೆ, ಅವನ ಕೈಗೆ ಒಂದು ಹಾಳೆ ಕೊಡಿ. ಯಾವ ಫ್ಯಾನು ಯಾವ ಜಾಗಕ್ಕೆ ಚುಚ್ಚಿದೆ, ಯಾವ ಸೆನ್ಸಾರ್ ಎಲ್ಲಿದೆ, ಕರ್ವ್ ಯಾವ ಸೆನ್ಸಾರ್ ನೋಡುತ್ತೆ, ನೀರು ಎಷ್ಟು ಡಿಗ್ರಿ ಆದ್ರೆ ಗಾಬರಿ ಆಗ್ಬೇಕು. ಕನ್ನಡದಲ್ಲಿ ಬರೆದು ಕೊಟ್ರೆ ಇನ್ನೂ ಒಳ್ಳೇದು, ಹತ್ತು ಸಾಲು ಸಾಕು. ಎರಡನೇದು ನಿಮಗೆ. ಹೊಸ ಮೊಬೈಲ್ ಬಂತು, ಅದರ ಕ್ಯಾಮೆರಾ ಇಷ್ಟು ಅಂತ ವಾರವಾರ ಬರುತ್ತೆ, ಅದರ ಜೊತೆಗೆ ಕಲಬುರಗಿ, ರಾಯಚೂರು, ಬಳ್ಳಾರಿಯಲ್ಲಿ 40 ಡಿಗ್ರಿಲಿ ಕೂತು ಕಂಪ್ಯೂಟರ್ ಮೇಲೆ ಹೊಟ್ಟೆ ಹೊರೆಯೋರಿಗೆ ನಮ್ಮ ಟೆಂಪರೇಚರ್‌ಗೆ ತಕ್ಕ ಮಾಹಿತಿ ಕೊಡೋ ಒಂದು ಅಂಕಣ ಶುರು ಮಾಡಿ. ಫೋಟೋ ಸ್ಟುಡಿಯೋದೋರು, ಡಿಸೈನ್ ಮಾಡೋರು, ಸ್ಟ್ರೀಮಿಂಗ್ ಮಾಡೋ ಹುಡುಗ್ರು ಎಷ್ಟೋ ಜನ ನನಗೆ ಫೋನ್ ಮಾಡಿ ಇದೇ ಪ್ರಶ್ನೆ ಕೇಳ್ತಾರೆ, ಒಬ್ಬೊಬ್ಬರಿಗೂ ಹೇಳಿ ಹೇಳಿನೇ ಈ ಪತ್ರ ಬರೆಯೋ ಮನಸ್ಸಾಗಿದ್ದು.

ಓದೋರಲ್ಲಿ ಯಾರಾದ್ರೂ ವಾಟರ್ ಕೂಲಿಂಗ್ ಪಿಸಿ ಇಟ್ಕೊಂಡಿದ್ರೆ ಇವತ್ತು ಮೆಷಿನ್ ಆಫ್ ಮಾಡಿ, ಪ್ಲಗ್ ಕಿತ್ತು, ಹಿಂದಿನ ಪ್ಯಾನಲ್ ಒಂದ್ಸಲ ತೆಗೆದು ನೋಡಿ, ಎರಡು ಪಿನ್ನಿನ ಸಣ್ಣ ವೈರು ಎಲ್ಲಾದ್ರೂ ಟೈ ಹಾಕಿಸ್ಕೊಂಡು ಸುಮ್ನೆ ಕೂತಿದ್ಯಾ ಅಂತ.

ಇಂತಿ,
ಬಳ್ಳಾರಿಯ ಒಬ್ಬ ವಿಡಿಯೋ ಎಡಿಟರ್